ಬಾಗಿಲ ಮೇಲೆ ಪೂರ್ತಿ ಹೆಸರು ಬರೆಯಿರಿ

ಕಂಪ್ಯೂಟರ್ ಆಟಗಳ ವಿಚಾರ ಈ ಮುದಿ ಮೇಷ್ಟರಿಗೇಕೆ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಧಾರಾಳವಾಗಿ ನಗಿರಿ. ಹೆಸರು, ಅಕ್ಷರ, ಅರ್ಥ ಇವುಗಳ ನಡುವೆಯೇ ಆಯುಷ್ಯ ಕಳೆದವನಿಗೆ ಈ ವಿಷಯದಲ್ಲಿ ಎರಡು ಮಾತಾಡುವ ಹಕ್ಕಿದೆಯೆಂದು ನನ್ನ ನಂಬಿಕೆ.

ಜಾಲದ ಮೂಲಕ ಸಾವಿರಾರು ಜನ ಆಡುವ ಆಟಕ್ಕೆ ಒಂದೇ ಸರ್ವರ್ ಸಾಲದು. ಆದ್ದರಿಂದ ಒಂದೇ ಲೋಕದ ಹಲವು ಪ್ರತಿಗಳನ್ನು ಬೇರೆ ಬೇರೆ ಸರ್ವರ್‌ಗಳಲ್ಲಿಟ್ಟು, ಒಂದೊಂದಕ್ಕೂ ಹೆಸರಿಡುತ್ತಾರೆ. 1997ರಲ್ಲಿ ಬಂದ 'ಅಲ್ಟಿಮಾ ಆನ್‌ಲೈನ್' ಆಟದ ಸರ್ವರ್‌ಗಳಲ್ಲಿ ಅಟ್ಲಾಂಟಿಕ್, ಪೆಸಿಫಿಕ್, ಯಮಾಟೊ ಎಂಬ ಹೆಸರುಗಳಿವೆ. ಅಮೆರಿಕದ ಪೂರ್ವ ತೀರದ್ದು ಯಾವುದು, ಪಶ್ಚಿಮದ್ದು ಯಾವುದು, ಜಪಾನಿನದು ಯಾವುದು ಎಂಬುದನ್ನು ಹೆಸರೇ ಸಾರುತ್ತದೆ. ಸರ್ವರ್ ದೂರವಾದಷ್ಟೂ ಆಟ ತಡವರಿಸುವುದರಿಂದ, ಇದು ಬರಿಯ ಅಲಂಕಾರವಲ್ಲ. ಹೊಸಬನಿಗೆ ಮಾಡಿದ ಉಪಕಾರ.

2004ರಲ್ಲಿ ಆರಂಭವಾದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದ ಸರ್ವರ್‌ಗಳಿಗೂ ಕಥಾಲೋಕದ ಸೊಗಸಾದ ಹೆಸರುಗಳಿದ್ದವು. ಆದರೆ ಪಕ್ಕದಲ್ಲಿ ಪಿ.ವಿ.ಪಿ., ಆರ್.ಪಿ. ಎಂಬ ಗುರುತುಗಳು! ಮೊದಲನೆಯದರ ಬಿಡಿಸಿದ ರೂಪ 'ಆಟಗಾರನಿಗೆ ಎದುರಾಗಿ ಆಟಗಾರ': ಎದುರು ಪಕ್ಷದವನು ಬಹುಪಾಲು ಪ್ರದೇಶಗಳಲ್ಲಿ ನಿಮ್ಮ ಒಪ್ಪಿಗೆ ಕೇಳದೆಯೇ ನಿಮ್ಮ ಮೇಲೆ ಬೀಳಬಹುದು. ಎರಡನೆಯದರ ಅರ್ಥ, ಇಲ್ಲಿ ವಹಿಸಿದ ಪಾತ್ರಕ್ಕೆ ತಕ್ಕಂತೆಯೇ ನಡೆನುಡಿಯಿರಬೇಕು ಎಂದು. ಊರಿನ ಹೆಸರನ್ನು ಪೂರ್ತಿ ಬರೆದು, ಊರಿನ ಕಾನೂನನ್ನು ಮೂರು ಅಕ್ಷರಗಳಲ್ಲಿ ಬಚ್ಚಿಟ್ಟ ಹಾಗಾಯಿತು. ಅದನ್ನು ಮೊದಲೇ ಬಲ್ಲವನಿಗೆ ಆ ಗುರುತು ಬೇಕಿಲ್ಲ. ಬೇಕಾದ ಹೊಸಬನಿಗೆ ಅದು ತಿಳಿಯುವುದಿಲ್ಲ. 2018ರಲ್ಲಿ ಮುಖ್ಯ ಆಟದಲ್ಲಿ ಆ ಭೇದವನ್ನು ತೆಗೆದು, ಆಯ್ಕೆಯನ್ನು ಪ್ರತಿಯೊಬ್ಬ ಆಟಗಾರನಿಗೇ ಬಿಟ್ಟು, ಅದನ್ನು 'ವಾರ್ ಮೋಡ್' ಎಂದು ಕರೆದರು. ಯುದ್ಧವೆಂಬ ಮಾತು ಅದರಲ್ಲೇ ಇದೆ. ಯಾವ ಹುಡುಗನೂ ಮೋಸಹೋಗಲಾರ.

"ಸಂಕ್ಷೇಪದಿಂದ ವೇಗ ಸಾರ್" ಎನ್ನುವಿರಿ. ಆಟದ ಭರದಲ್ಲಿ ಗೆಳೆಯರೊಳಗೆ ಬಳಸಿ, ನನ್ನ ತಕರಾರಿಲ್ಲ. ನನ್ನ ಜಗಳ ಬಾಗಿಲ ಮೇಲಿನ ಫಲಕದೊಂದಿಗೆ.

"ಕುವೆಂಪು ಎಂಬುದೂ ಸಂಕ್ಷೇಪವೇ ಅಲ್ಲವೆ?" ಎಂದು ಇನ್ನೊಬ್ಬರು ಕೇಳಿಯಾರು. ಹೌದು. ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ: ಊರು, ತಂದೆ, ಮಗ ಮೂವರೂ ಅದರಲ್ಲಿ ಉಸಿರಾಡುತ್ತಿದ್ದಾರೆ. ಅದು ಕನ್ನಡದ ಕಿವಿಗೆ ಒಪ್ಪುವ ಒಂದು ಪದವಾಯಿತು. ಮೇಲಾಗಿ, ಅದು ಕವಿ ತಾನೇ ಆರಿಸಿಕೊಂಡ ಹೆಸರು. ಬೆಂಗಳೂರಿನ ರೈಲು ನಿಲ್ದಾಣದ ಗತಿ ನೋಡಿ. 2016ರಲ್ಲಿ ಅದಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟೆವು. ನಾಮಫಲಕದಲ್ಲಿ ಪೂರ್ತಿ ಹೆಸರಿದ್ದರೂ, ಟಿಕೆಟ್ಟಿನಲ್ಲಿ ಅದು 'ಕೆ.ಎಸ್.ಆರ್. ಬೆಂಗಳೂರು'. ಬ್ರಿಟಿಷರು ನೇಣಿಗೇರಿಸಿದ ವೀರನನ್ನು ಸ್ಮರಿಸಲು ಹೊರಟು, ಇಂಗ್ಲಿಷಿನ ಮೂರು ಅಕ್ಷರಗಳಲ್ಲಿ ಹೂತಿಟ್ಟೆವು. ಹೊರಗಿನಿಂದ ಬಂದ ಪ್ರಯಾಣಿಕನಿಗೆ ಅಲ್ಲಿ ರಾಯಣ್ಣ ಕಾಣುವುದುಂಟೆ?

ಸಂಕ್ಷೇಪವೆಂಬುದು ಒಳಗಿದ್ದವರು ಹಾಕಿಕೊಳ್ಳುವ ಚಿಲಕ. ನನ್ನ ಶಿಷ್ಯರಲ್ಲಿ ಅನೇಕರು ಇಂದು ಸರ್ವರ್‌ಗಳಿಗೆ, ತಂಡಗಳಿಗೆ, ಯೋಜನೆಗಳಿಗೆ ಹೆಸರಿಡುವ ಸ್ಥಾನದಲ್ಲಿದ್ದೀರಿ. ಹೆಸರಿಡುವಾಗ, ನಿನ್ನೆ ತಾನೇ ಕೆಲಸಕ್ಕೆ ಸೇರಿ, ಕೇಳಿದರೆ ನಕ್ಕಾರೆಂದು ಬಾಯಿಮುಚ್ಚಿ ಕುಳಿತಿರುವ ಹಳ್ಳಿಯ ಹುಡುಗಿಯನ್ನು ಒಮ್ಮೆ ನೆನೆಯಿರಿ. ಅವಳು ಯಾರನ್ನೂ ಕೇಳದೆ ಓದಿ ತಿಳಿಯುವಂತಿದ್ದರೆ ಅದು ಹೆಸರು.