ಹಡಗು ಕಾಯಲ್ಲ, ಬಿಲ್ ಕಾಯುತ್ತೆ

“ಅದೇ ಏನೇ ನಮ್ಮ ಹಡಗು?”

“ಹೌದತ್ತೆ.”

“ಮತ್ತೆ ನಮ್ಮನ್ನ ಬಿಟ್ಟು ಯಾಕೆ ಹೋಗ್ತಾ ಇದೆ?”

ಮೂರು ವರ್ಷದ ಹಿಂದೆ, ಸಿಂಗಪುರದ ಮರೀನಾ ಬೇ ಕ್ರೂಸ್ ಸೆಂಟರ್ ಹೊರಗೆ ಸೂಟ್‌ಕೇಸ್‌ಗಳ ನಡುವೆ ನಿಂತು ನಮ್ಮತ್ತೆ ಕೇಳಿದ ಪ್ರಶ್ನೆ ಇದು. ಅವರಿಗೆ ಆಗ ಎಪ್ಪತ್ತಮೂರು. ಉತ್ತರ ಗೊತ್ತಿದ್ದರೂ ನನಗೆ ಬಾಯಿ ಬರಲಿಲ್ಲ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಸೋಣ ಅಂತ, ಹಡಗು ಹೊರಡುವ ದಿನವೇ ಬೆಂಗಳೂರಿಂದ ವಿಮಾನ ಬುಕ್ ಮಾಡಿದ್ದು ನಾನೇ.

ಲೆಕ್ಕ ಕಾಗದದ ಮೇಲೆ ಸರಿಯಾಗೇ ಇತ್ತು. ಬೆಂಗಳೂರಿಂದ ಸಿಂಗಪುರಕ್ಕೆ ಸುಮಾರು ನಾಲ್ಕೂವರೆ ಗಂಟೆ ಪ್ರಯಾಣ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಬೆಳಗ್ಗೆ ಹನ್ನೊಂದೂಕಾಲಿಗೆ ಇಳಿಯಬೇಕಿತ್ತು, ಹಡಗು ಹೊರಡೋದು ಸಂಜೆ ಐದಕ್ಕೆ. ಬೇಕಾದಷ್ಟು ಟೈಮ್ ಇದೆಯಲ್ಲ! ಆದರೆ ವಿಮಾನ ಎರಡೂಮುಕ್ಕಾಲು ಗಂಟೆ ತಡವಾಯ್ತು. ಇಮಿಗ್ರೇಷನ್, ಲಗೇಜ್ ಮುಗಿಸಿ ಟ್ಯಾಕ್ಸಿ ಹತ್ತಿ “ಕ್ರೂಸ್ ಸೆಂಟರ್” ಅಂದೆವು. ಅವನು ಕರೆದುಕೊಂಡು ಹೋಗಿದ್ದು ಹಾರ್ಬರ್‌ಫ್ರಂಟ್‌ನಲ್ಲಿರುವ ಸಿಂಗಪುರ ಕ್ರೂಸ್ ಸೆಂಟರ್‌ಗೆ. ನಮ್ಮ ಹಡಗು ಇದ್ದದ್ದು ಮರೀನಾ ಬೇಯಲ್ಲಿ. ಊರಿಗೆ ಎರಡು ಟರ್ಮಿನಲ್ ಇದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ಸರಿಯಾದ ಜಾಗ ಮುಟ್ಟಿದಾಗ ಮೂರೂ ಐವತ್ತು. ಚೆಕ್-ಇನ್ ಮುಚ್ಚಿದ್ದು ಮೂರೂವರೆಗೆ. ಬರೀ ಇಪ್ಪತ್ತು ನಿಮಿಷ. ಹಡಗು ಇನ್ನೂ ಅಲ್ಲೇ ನಿಂತಿತ್ತು, ಆದರೆ ಪ್ರಯಾಣಿಕರ ಪಟ್ಟಿ ಅಂತಿಮವಾದ ಮೇಲೆ ಯಾರನ್ನೂ ಹತ್ತಿಸಲ್ಲ ಅಂದರು.

ಕಟ್ಟಿದ ದುಡ್ಡಿನಲ್ಲಿ ಒಂದು ಪೈಸೆ ವಾಪಸ್ ಬರಲಿಲ್ಲ. ವಿಮಾನ, ಹಡಗು ಬೇರೆ ಬೇರೆ ಬುಕಿಂಗ್, ಹಾಗಾಗಿ ಒಬ್ಬರ ತಪ್ಪಿಗೆ ಇನ್ನೊಬ್ಬರು ಹೊಣೆಯಲ್ಲ. ಇನ್ಶೂರೆನ್ಸ್ ಇತ್ತಲ್ಲ ಅಂದ್ರಾ? ನಮ್ಮ ಪಾಲಿಸಿಯಲ್ಲಿ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಮಾತ್ರ ಪರಿಹಾರ. ಆ ಸಾಲನ್ನು ನಾನು ಓದಿದ್ದು ಬೆಂಗಳೂರಿಗೆ ವಾಪಸ್ ಬಂದ ಮೇಲೆ. ಐದು ಸಾವಿರ ಉಳಿಸಲು ಹೋಗಿ ಎರಡು ಲಕ್ಷದ ಮೇಲೆ ಕಳೆದುಕೊಂಡೆ.

ಮತ್ತೆ ದುಡ್ಡು ಕೂಡಿಸೋಕೆ ಎರಡೂವರೆ ವರ್ಷ ಬೇಕಾಯ್ತು. ಅಷ್ಟರಲ್ಲಿ ಅತ್ತೆಯ ಮಂಡಿನೋವು ಜಾಸ್ತಿಯಾಗಿತ್ತು. ಇನ್ನೊಂದು ವರ್ಷ ಮುಂದೂಡಿದರೆ ಆಗೋದೇ ಇಲ್ಲ ಅನ್ನಿಸಿ, ಹೋದ ಜನವರಿಯಲ್ಲಿ ಸಿಂಗಪುರ-ಪೆನಾಂಗ್-ಫುಕೆಟ್ ನಾಲ್ಕು ರಾತ್ರಿಯ ಪ್ರಯಾಣ ಮಾಡಿದೆವು. ಈ ಸಲ ಕಲಿತದ್ದು ನಿಮಗೂ ಉಪಯೋಗಕ್ಕೆ ಬರಲಿ ಅಂತ ಬರೀತಾ ಇದೀನಿ.

ಮೊದಲು ಪಾಸ್‌ಪೋರ್ಟ್

ಪ್ರಯಾಣದ ದಿನಕ್ಕೆ ಕನಿಷ್ಠ ಆರು ತಿಂಗಳ ವ್ಯಾಲಿಡಿಟಿ ಇರಬೇಕು. ಅತ್ತೆಯದು ನಾಲ್ಕೇ ತಿಂಗಳಿತ್ತು, ಮೊದಲು ರಿನ್ಯೂ ಮಾಡಿಸಿದೆವು. ಇನ್ನೊಂದು, ನಮ್ಮ ಕಡೆಯವರದ್ದೇ ತಾಪತ್ರಯ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ, ಬರೀ ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಆ ಕಾಲಂ ಖಾಲಿ ಇದ್ದರೆ ವೀಸಾ, ವಿಮಾನ, ಹಡಗು ಮೂರರಲ್ಲೂ ಹೆಸರು ಪಾಸ್‌ಪೋರ್ಟ್‌ಗೆ ಹೊಂದುವಂತಿರಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಗಂಡನ ಹೆಸರು ಸೇರಿಸಿದರೆ ಕೌಂಟರ್‌ನಲ್ಲಿ ಪೇಚಾಟ. ದುಬೈಯಿಂದ ಹೊರಡುವ ಹಡಗು ನೋಡುತ್ತಿದ್ದರೆ ಇನ್ನೂ ಹುಷಾರು. ಒಂದೇ ಪದದ ಹೆಸರಿದ್ದರೆ ಪ್ರವಾಸಿ ವೀಸಾದಲ್ಲಿ ಬಿಡುವುದಿಲ್ಲ ಅಂತ ಯುಎಇ 2022ರಲ್ಲೇ ನಿಯಮ ಮಾಡಿದೆ.

ವೀಸಾ ಲೆಕ್ಕ

ಸಿಂಗಪುರಕ್ಕೆ ನಮಗೆ ವೀಸಾ ಬೇಕೇ ಬೇಕು. ಮಾನ್ಯತೆ ಇರುವ ಏಜೆಂಟರ ಮೂಲಕ ಅರ್ಜಿ. ಸರ್ಕಾರಿ ಶುಲ್ಕ 30 ಸಿಂಗಪುರ ಡಾಲರ್, ಮೇಲೆ ಏಜೆಂಟರ ಚಾರ್ಜು. ಮುಖ್ಯವಾಗಿ ನೋಡಬೇಕಾದ್ದು, ವೀಸಾ ಒಂದು ಸಲದ ಪ್ರವೇಶಕ್ಕೋ, ಹಲವು ಸಲಕ್ಕೋ ಅನ್ನೋದು. ಹಡಗು ಹತ್ತಿದ ಕೂಡಲೇ ನೀವು ದೇಶ ಬಿಟ್ಟಂತೆ, ವಾಪಸ್ ಬಂದು ಇಳಿಯೋದು ಎರಡನೇ ಪ್ರವೇಶ. ಅರೈವಲ್ ಕಾರ್ಡ್ ಕೂಡ ಎರಡು ಸಲ ತುಂಬಬೇಕು. ಅದು ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಮಲೇಷ್ಯಾ, ಥಾಯ್ಲೆಂಡ್ ಈಚಿನ ವರ್ಷಗಳಲ್ಲಿ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿವೆ. ಆದರೆ ಇಂಥ ನಿಯಮ ಬದಲಾಗುತ್ತಲೇ ಇರುತ್ತೆ, ಬುಕ್ ಮಾಡುವಾಗ ಒಮ್ಮೆ, ಹೊರಡುವ ಮುಂಚೆ ಒಮ್ಮೆ ನೋಡಿ. “ನಾವು ಆ ಬಂದರಲ್ಲಿ ಇಳಿಯೋದೇ ಇಲ್ಲ” ಅಂದರೂ ಹಡಗು ಕಂಪನಿ ಅಲ್ಲಿನ ವೀಸಾ ಕೇಳಬಹುದು.

ಒಂದು ದಿನ ಮುಂಚೆ

ಈ ಸಲ ಹಿಂದಿನ ದಿನವೇ ಹೋಗಿ ಸಿಂಗಪುರದ ಲಿಟಲ್ ಇಂಡಿಯಾದಲ್ಲಿ ಸಾಧಾರಣ ರೂಮಿನಲ್ಲಿ ಉಳಿದೆವು. ಇಡ್ಲಿ ಸಿಕ್ಕಿತು, ಅತ್ತೆಗೆ ನಿದ್ದೆಯೂ ಆಯ್ತು. ವಾಪಸ್ ಬರುವಾಗಲೂ ಅಷ್ಟೇ. ಹಡಗು ಬೆಳಗ್ಗೆ ಬರುತ್ತೆ ಅಂತ ಹತ್ತು ಗಂಟೆ ವಿಮಾನಕ್ಕೆ ಟಿಕೆಟ್ ಮಾಡಬೇಡಿ. ಇಳಿಯೋಕೇ ಎರಡು ಗಂಟೆ ಹಿಡಿಯಬಹುದು. ಮಧ್ಯಾಹ್ನದ ಮೇಲಿನದ್ದು ತಗೊಳ್ಳಿ. ಟರ್ಮಿನಲ್ ಹೆಸರನ್ನ ಪೂರ್ತಿ ಬರೆದು ಟ್ಯಾಕ್ಸಿಯವನಿಗೆ ತೋರಿಸಿ.

ಬಿಲ್ ಎಲ್ಲಿಂದ ಬರುತ್ತೆ?

ಜಾಹೀರಾತಿನ ದರ ಇಬ್ಬರು ಒಂದು ರೂಮಿನಲ್ಲಿದ್ದಾಗ ತಲಾ ಎಷ್ಟು ಅನ್ನೋದು. ಬಂದರು ಶುಲ್ಕ, ತೆರಿಗೆ ಸೇರಿದೆಯಾ ಕೇಳಿ. ಟಿಪ್ಸ್ ಅನ್ನೋದು ಇಲ್ಲಿ ನಮ್ಮಿಷ್ಟ ಅಲ್ಲ, ಹೆಚ್ಚಿನ ಹಡಗುಗಳಲ್ಲಿ ತಾನಾಗೇ ಬಿಲ್‌ಗೆ ಸೇರುತ್ತೆ. ದಿನಕ್ಕೆ ಒಬ್ಬರಿಗೆ 18 ಡಾಲರ್ ಅಂದರೆ ಮೂರು ಜನಕ್ಕೆ ನಾಲ್ಕು ರಾತ್ರಿಗೆ 216 ಡಾಲರ್, ಹದಿನೆಂಟು ಸಾವಿರ ರೂಪಾಯಿ ಮೇಲೆ! ಇದನ್ನ ಮನೆಯಲ್ಲೇ ಲೆಕ್ಕಕ್ಕೆ ಹಿಡಿದರೆ ಹೊಟ್ಟೆ ಉರಿಯಲ್ಲ.

ಹಡಗಿನಲ್ಲಿ ದುಡ್ಡಿನ ಬದಲು ರೂಮಿನ ಕಾರ್ಡ್ ಉಜ್ಜುತ್ತಾರೆ, ಖರ್ಚಾಗಿದ್ದು ಗೊತ್ತೇ ಆಗಲ್ಲ. ದಿನಾ ರಾತ್ರಿ ಕೌಂಟರ್‌ನಲ್ಲಿ ಲೆಕ್ಕ ನೋಡಿ. ಕಾರ್ಡ್ ಯಂತ್ರ “ರೂಪಾಯಿಯಲ್ಲಿ ಕಟ್ಟುತ್ತೀರಾ?” ಅಂತ ಕೇಳಿದರೆ ಬೇಡ ಅನ್ನಿ, ಆ ವಿನಿಮಯ ದರ ಸಾಮಾನ್ಯವಾಗಿ ದುಬಾರಿ. ಫೋನ್ ಹಡಗು ಹತ್ತಿದ ತಕ್ಷಣ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ನಡುಸಮುದ್ರದಲ್ಲಿ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದರೆ ನಿಮ್ಮ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸದೇ ಇರಬಹುದು. ಪ್ಯಾಕೇಜನ್ನು ಇಲ್ಲಿನ ಟೂರ್ ಕಂಪನಿಯಿಂದ ಕೊಂಡರೆ ಟಿಸಿಎಸ್ ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ವಾಪಸ್ ಕೇಳಬಹುದು. ಎಷ್ಟೋ ಮಂದಿ ಮರೆತುಬಿಡ್ತಾರೆ.

ಹಡಗಿನವರ ಟೂರ್ ಎಲ್ಲ ಕಡೆ ಬೇಕಿಲ್ಲ. ಪೆನಾಂಗ್‌ನಲ್ಲಿ ಹಡಗು ನಿಲ್ಲುವ ಸ್ವೆಟನ್‌ಹ್ಯಾಮ್ ಪಿಯರ್ ಜಾರ್ಜ್‌ಟೌನ್‌ನ ಪಕ್ಕದಲ್ಲೇ ಇದೆ. 2008ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಹಳೇ ಪೇಟೆ, ಅದರಲ್ಲೇ ಮಹಾಮಾರಿಯಮ್ಮನ ಗುಡಿ. ಕೂತು ಎದ್ದು ಅತ್ತೆಯೂ ನಡೆದರು. ಫುಕೆಟ್ ಬೇರೆ. ನಮ್ಮ ಹಡಗು ದಡದಿಂದ ದೂರ ಲಂಗರು ಹಾಕಿತು, ಸಣ್ಣ ದೋಣಿಗೆ ಇಳಿಯಬೇಕಿತ್ತು. ಅತ್ತೆ ಹಡಗಲ್ಲೇ ಉಳಿದರು. ಮಂಡಿನೋವಿನವರು ಜೊತೆಗಿದ್ದರೆ ಇದನ್ನ ಬುಕಿಂಗ್‌ಗೆ ಮುಂಚೆಯೇ ಕೇಳಿ. ಥಾಯ್ಲೆಂಡ್ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಪುರದ ಟೈಮ್ ಪಾಲಿಸುತ್ತಿದ್ದರೆ, ಫೋನ್ ನೋಡಿಕೊಂಡು ವಾಪಸ್ ಬಂದವರಿಗೆ ಹಡಗೇ ಇರಲ್ಲ. ನಾನಂತೂ ಕೈಗೆ ಹಳೇ ವಾಚ್ ಕಟ್ಟಿಕೊಂಡಿದ್ದೆ.

ಕೊನೆಗೆ ಇಷ್ಟೇ. ಉಳಿತಾಯ ಮಾಡಿ, ಆದರೆ ಕಾರ್ಡ್‌ನಲ್ಲಿ, ಫೋನ್‌ನಲ್ಲಿ, ಟೂರ್‌ನಲ್ಲಿ ಮಾಡಿ. ಸಮಯದಲ್ಲಿ ಮಾತ್ರ ಮಾಡಬೇಡಿ.

ಜನವರಿಯ ಆ ಸಂಜೆ ಹಡಗು ಹೊರಟಾಗ ಎಲ್ಲರೂ ಡೆಕ್ ಮೇಲೆ ಸಮುದ್ರದ ಕಡೆ ಮುಖ ಮಾಡಿದ್ದರು. ಅತ್ತೆ ಮಾತ್ರ ಕಂಬಿ ಹಿಡಿದು ದಡವನ್ನೇ ನೋಡುತ್ತಿದ್ದರು.

“ಏನತ್ತೆ ನೋಡ್ತಿದೀರಿ?” ಅಂದೆ.

“ಯಾರಾದರೂ ಸೂಟ್‌ಕೇಸ್ ಇಟ್ಕೊಂಡು ನಿಂತಿದಾರಾ ಅಂತ.”