ಹಳೆಯ ಮೋಟಾರ್ ಸೈಕಲ್ಲಿಗೆ ಮನೆಯಲ್ಲೇ ಹೊಸ ಬಣ್ಣ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರಲ್ಲಿ ಸ್ಥಾಪನೆಗೊಂಡು, ಜಾವಾ ಹಾಗೂ ಯೆಜ್ಡಿ ಎಂಬ ಎರಡು ಹೆಸರುಗಳನ್ನು ನಾಡಿನ ಮನೆಮನೆಗೆ ಪರಿಚಯಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ ಹೆಸರಿನಲ್ಲಿ 2018ರಲ್ಲಿಯೂ, ಯೆಜ್ಡಿ ಹೆಸರಿನಲ್ಲಿ 2022ರಲ್ಲಿಯೂ ಹೊಸ ವಾಹನಗಳು ಬಂದಿವೆಯಾದರೂ, ಮೈಸೂರಿನಲ್ಲಿ ತಯಾರಾದ ಹಳೆಯ ವಾಹನಗಳ ಮೇಲಿನ ಮಮತೆ ಕಡಿಮೆಯಾಗಿಲ್ಲ. ತಂದೆಯವರು ಓಡಿಸಿದ ಗಾಡಿಯನ್ನು ಮಾರಲು ಮನಸ್ಸಾಗದೆ ಹಿತ್ತಲಿನ ಮಾಡಿನಡಿ ನಿಲ್ಲಿಸಿಕೊಂಡಿರುವ ಕುಟುಂಬಗಳು ಎಷ್ಟೋ ಇವೆ. ಆ ಮನೆಗಳ ಯುವಕರಲ್ಲಿ ಈಗ ಒಂದು ಉತ್ಸಾಹ ಕಾಣುತ್ತಿದೆ: ‘ಅಂಗಡಿಗೆ ಏಕೆ ಕೊಡಬೇಕು, ಬಣ್ಣವನ್ನು ನಾವೇ ಹೊಡೆಯೋಣ’ ಎಂಬುದು. ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಈ ಕೆಲಸದಲ್ಲಿ ಮನೆಯಲ್ಲಿ ಮಾಡಬಹುದಾದ ಭಾಗ ಯಾವುದು, ಮನೆಯ ಹೊಸ್ತಿಲೊಳಗೆ ತರಲೇಬಾರದ ಭಾಗ ಯಾವುದು ಎಂಬ ವಿವೇಕ ಮೊದಲು ಇರಬೇಕು.

ಬಣ್ಣ ಬೇಕೇ ಎಂಬ ಪ್ರಶ್ನೆಯಿಂದಲೇ ಆರಂಭಿಸುವುದು ಒಳಿತು. ಕಾರ್ಖಾನೆಯಲ್ಲಿ ಹಚ್ಚಿದ ಮೂಲ ಬಣ್ಣ ಅಲ್ಲಲ್ಲಿ ಮಾಸಿದ್ದರೂ, ತುಕ್ಕು ಹಿಡಿಯದೆ ಗಟ್ಟಿಯಾಗಿದ್ದರೆ ಅದನ್ನು ಉಳಿಸಿಕೊಳ್ಳುವುದೇ ಜಾಣತನ. ರಬ್ಬಿಂಗ್ ಕಾಂಪೌಂಡ್ ಹಚ್ಚಿ ಮೃದುವಾದ ಬಟ್ಟೆಯಿಂದ ನಿಧಾನವಾಗಿ ತಿಕ್ಕಿದರೆ, ಬಿಸಿಲಿಗೆ ಸತ್ತ ಮೇಲ್ಪದರ ಹೋಗಿ ಒಳಗಿನ ಮೆರುಗು ಹೊರಬರುವುದುಂಟು. ಒಮ್ಮೆ ಕೆರೆದು ತೆಗೆದ ಮೂಲ ಬಣ್ಣ ಮತ್ತೆ ಬಾರದು. ಹಳೆಯ ವಾಹನಗಳನ್ನು ಬಲ್ಲವರು ಹೊಸ ಬಣ್ಣಕ್ಕಿಂತ ಮೂಲ ಬಣ್ಣಕ್ಕೇ ಹೆಚ್ಚು ಬೆಲೆ ಕಟ್ಟುತ್ತಾರೆ. ಬಣ್ಣ ಹೊಪ್ಪಳೆಯಾಗಿ ಏಳುತ್ತಿದ್ದರೆ, ಅದರ ಕೆಳಗೆ ತುಕ್ಕು ಹರಡುತ್ತಿದ್ದರೆ, ಆಗ ಬೇರೆ ದಾರಿಯಿಲ್ಲ.

ಕಾಲದ ಆಯ್ಕೆಯೂ ಮುಖ್ಯ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಬಣ್ಣದಲ್ಲಿರುವ ಥಿನ್ನರ್ ಆರುವಾಗ ಲೋಹದ ಮೇಲ್ಮೈಯನ್ನು ತಂಪುಗೊಳಿಸುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತೇವ ಬಣ್ಣದ ಮೇಲೆ ಕುಳಿತು ಬಿಳುಪು ಮಂಜಿನಂತೆ ಕಾಣುತ್ತದೆ. ಬೇಗ ಆರುವ ಎನ್.ಸಿ. ಬಣ್ಣಗಳಲ್ಲಿ ಈ ದೋಷ ಹೆಚ್ಚು. ದೀಪಾವಳಿ ಕಳೆದ ಮೇಲೆ, ಒಣ ಹವೆಯಿರುವ ದಿನ, ಇಬ್ಬನಿ ಆರಿ ಗಾಳಿ ಏಳುವುದಕ್ಕೆ ಮುಂಚಿನ ಬೆಳಗಿನ ಹೊತ್ತು ಉತ್ತಮ.

ಇನ್ನು ಮೊದಲನೆಯ ಅಪಾಯದ ಮಾತು. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕ್ ಹೆಚ್ಚು ಅಪಾಯಕಾರಿ ಎಂದರೆ ಅನೇಕರು ನಂಬುವುದಿಲ್ಲ. ಹೊತ್ತಿಕೊಳ್ಳುವುದು ದ್ರವವಲ್ಲ, ಗಾಳಿಯೊಡನೆ ಬೆರೆತ ಆವಿ. ಬರಿದಾದ ಟ್ಯಾಂಕಿನಲ್ಲಿ ಆವಿಯೂ ಇದೆ, ಗಾಳಿಯೂ ಇದೆ. ಕಿಡಿಯೊಂದೇ ಕಡಿಮೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ಹೋಗಿ, ಪಕ್ಕದ ಕೋಣೆಯ ಗ್ಯಾಸ್ ಒಲೆಯನ್ನೋ ದೇವರ ಮನೆಯ ದೀಪವನ್ನೋ ತಲುಪಬಲ್ಲದು. ಆದ್ದರಿಂದ ಪೆಟ್ರೋಲನ್ನು ಬಯಲಿನಲ್ಲಿ ಇಳಿಸಿ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಭದ್ರಪಡಿಸಬೇಕು. ಜಾವಾ, ಯೆಜ್ಡಿಗಳ ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನೊಡನೆ ಎಣ್ಣೆ ಬೆರೆಸುವ ಪದ್ಧತಿಯಿದ್ದುದರಿಂದ ಟ್ಯಾಂಕಿನ ಒಳಗೋಡೆಗೆ ಜಿಡ್ಡು ಅಂಟಿರುತ್ತದೆ. ಸೋಪಿನ ಪುಡಿ ಬೆರೆಸಿದ ಬಿಸಿನೀರಿನಿಂದ ಹಲವು ಸಲ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿನಲ್ಲಿ ಒಣಗಿಸಬೇಕು. ಟ್ಯಾಂಕಿನ ತೂತಿಗೆ ಬೆಸುಗೆ ಹಾಕಿಸಬೇಕಿದ್ದರೆ ಆ ಕೆಲಸವನ್ನು ಅನುಭವಸ್ಥರಿಗೇ ಒಪ್ಪಿಸತಕ್ಕದ್ದು.

ಟ್ಯಾಂಕ್, ಮಡ್‌ಗಾರ್ಡ್, ಸೈಡ್ ಬಾಕ್ಸುಗಳನ್ನು ಬಿಚ್ಚಿದ ಮೇಲೆ ಹಳೆಯ ಬಣ್ಣ ತೆಗೆಯುವ ಕೆಲಸ. ಬಣ್ಣ ಕರಗಿಸುವ ಕೆಲವು ದ್ರಾವಣಗಳಲ್ಲಿ ಮೆಥಿಲೀನ್ ಕ್ಲೋರೈಡ್ ಎಂಬ ರಾಸಾಯನಿಕವಿರುತ್ತದೆ. ಗಾಳಿಯಾಡದ ಸ್ನಾನದ ಮನೆಯಂಥ ಸ್ಥಳಗಳಲ್ಲಿ ಇದರ ಆವಿಯಿಂದ ಜೀವಹಾನಿಯಾದ ನಿದರ್ಶನಗಳಿರುವುದರಿಂದ, ಅಮೆರಿಕವು 2019ರಲ್ಲಿ ಇದನ್ನು ಗೃಹಬಳಕೆಗೆ ಮಾರುವುದನ್ನೇ ನಿಷೇಧಿಸಿತು. ಡಬ್ಬಿಯ ಮೇಲಿನ ಬರಹವನ್ನು ಓದದೆ ಕೊಳ್ಳಬಾರದು. ಹೊಸ ವಾಹನಗಳ ಪ್ಲಾಸ್ಟಿಕ್ ಭಾಗಗಳಿಗಂತೂ ಇಂಥ ದ್ರಾವಣ ತಗಲಲೇ ಕೂಡದು. ಅವು ಮೆತ್ತಗಾಗಿ ಹಾಳಾಗುತ್ತವೆ.

ವಾಟರ್ ಪೇಪರಿನಿಂದ ಉಜ್ಜುವುದೇ ಮನೆಗೆ ತಕ್ಕ ವಿಧಾನ. ಹಳೆಯ ಬಣ್ಣಗಳಲ್ಲಿ ಸೀಸದ ಅಂಶವಿರುವ ಸಂಭವವುಂಟು. ಸೀಸದ ಧೂಳು ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕ. ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ. ಉಜ್ಜಿದ ರಾಡಿಯನ್ನು ತುಳಸಿ ಕಟ್ಟೆಯ ಬಳಿಗೋ ಕೈತೋಟಕ್ಕೋ ಚೆಲ್ಲದೆ, ಹಳೆಯ ಬಟ್ಟೆಯಿಂದ ಒರೆಸಿ ತೆಗೆದು ಬೇರೆಯಾಗಿ ಕಟ್ಟಿಡಬೇಕು. ಉಜ್ಜಿದ ಉಡುಪಿನಲ್ಲಿಯೇ ಮಗುವನ್ನು ಎತ್ತಿಕೊಳ್ಳಬಾರದು.

ಮೊದಲು 80 ಅಥವಾ 120ನೆಯ ಅಂಕಿಯ ಒರಟು ಕಾಗದ, ಅನಂತರ 220, ಕೊನೆಗೆ 400. ಅಂಕಿ ಹೆಚ್ಚಿದಂತೆ ಕಾಗದ ನುಣುಪು. ಒರಟು ಕಾಗದದ ಗೀರುಗಳನ್ನು ಮುಂದಿನ ಕಾಗದ ಅಳಿಸಬೇಕು. ನಡುವಿನ ಮೆಟ್ಟಿಲನ್ನು ಹಾರಿದರೆ ಆ ಗೀರುಗಳು ಬಣ್ಣದಡಿಯಿಂದ ಇಣುಕಿ ನೋಡುತ್ತವೆ. ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ತೆಗೆಯಬೇಕು. ಕಲೆಯಷ್ಟು ತುಕ್ಕು ಉಳಿದರೂ ಅದು ಒಳಗೊಳಗೇ ಬೆಳೆದು ಹೊಸ ಬಣ್ಣವನ್ನು ಎಬ್ಬಿಸುತ್ತದೆ. ಚಾಸಿಗೆ ಬಣ್ಣ ಹೊಡೆಯುವುದಾದರೆ ಅಲ್ಲಿ ಕೊರೆದಿರುವ ಸಂಖ್ಯೆಯನ್ನು ಉಜ್ಜಿ ಸವೆಸುವುದಾಗಲಿ, ಪುಟ್ಟಿ ತುಂಬಿ ಮುಚ್ಚುವುದಾಗಲಿ ಸಲ್ಲದು. ಹದಿನೈದು ವರ್ಷ ದಾಟಿದ ವಾಹನದ ನೋಂದಣಿಯನ್ನು ನವೀಕರಿಸುವಾಗ ಅಧಿಕಾರಿಗಳು ಆ ಸಂಖ್ಯೆಯನ್ನೇ ನೋಡುತ್ತಾರೆ.

ಲೋಹ ಸ್ವಚ್ಛವಾದ ದಿನವೇ ಪ್ರೈಮರ್ ಹಚ್ಚಬೇಕು. ಬರಿಯ ಕಬ್ಬಿಣಕ್ಕೆ ರಾತ್ರಿಯ ತೇವ ತಗುಲಿದರೂ ಸಾಕು, ಬೆಳಗಾಗುವಷ್ಟರಲ್ಲಿ ತುಕ್ಕಿನ ಛಾಯೆ ಕಾಣುತ್ತದೆ. ಹಚ್ಚುವ ಮುನ್ನ ಥಿನ್ನರಿನಿಂದ ಜಿಡ್ಡನ್ನು ಒರೆಸಿ, ಬರಿಗೈಯಿಂದ ಮುಟ್ಟದಿರಬೇಕು. ಎಣ್ಣೆಯ ಒಂದು ತೊಟ್ಟು ಉಳಿದರೂ ಅಲ್ಲಿ ಬಣ್ಣ ನಿಲ್ಲದೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ. ಸಣ್ಣ ತಗ್ಗುಗಳಿಗೆ ಪುಟ್ಟಿಯನ್ನು ತೆಳುವಾಗಿ, ಎರಡು ಮೂರು ಸಲ ಹಚ್ಚುವುದು ಲೇಸು. ದಪ್ಪವಾಗಿ ಮೆತ್ತಿದ ಪುಟ್ಟಿ ವಾಹನದ ಅಲುಗಾಟಕ್ಕೆ ಬಿರುಕು ಬಿಡುತ್ತದೆ. ದೊಡ್ಡ ತಗ್ಗಾದರೆ ಟಿಂಕರಿಂಗ್ ಮಾಡುವವರಿಂದ ತಟ್ಟಿಸಿ ಸರಿಪಡಿಸಿಕೊಳ್ಳುವುದೇ ಕ್ರಮ.

ಬಣ್ಣವನ್ನು ಒಂದೇ ಸಲ ದಪ್ಪವಾಗಿ ಹೊಡೆಯುವ ಆತುರವೇ ಹೊಸಬರ ಕೆಲಸವನ್ನು ಕೆಡಿಸುವುದು. ಸ್ಪ್ರೇ ಡಬ್ಬಿಯನ್ನು ಸುಮಾರು ಒಂದು ಗೇಣು ದೂರದಲ್ಲಿ ಹಿಡಿದು, ಭಾಗದ ಅಂಚಿನ ಹೊರಗೆ ಆರಂಭಿಸಿ ಮತ್ತೊಂದು ಅಂಚಿನ ಹೊರಗೆ ನಿಲ್ಲಿಸಬೇಕು. ಮೊದಲನೆಯ ಪದರ ಹಿಂದಿನದನ್ನು ಪೂರ್ತಿ ಮುಚ್ಚದಿದ್ದರೆ ಚಿಂತೆಯಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೊಂದು, ಮಗದೊಂದು, ಹೀಗೆ ಮೂರು ನಾಲ್ಕು ತೆಳು ಪದರಗಳಲ್ಲಿ ಬಣ್ಣ ತುಂಬಿಕೊಳ್ಳುತ್ತದೆ. ಬಣ್ಣ ಇಳಿದು ಗೆರೆಯಾದರೆ ಹಸಿಯಿದ್ದಾಗ ಒರೆಸಬಾರದು. ಪೂರ್ತಿ ಆರಲು ಬಿಟ್ಟು, ನುಣುಪು ಕಾಗದದಿಂದ ಉಜ್ಜಿ ಮತ್ತೆ ಹೊಡೆಯಬೇಕು.

ಎರಡನೆಯ ಅಪಾಯ ಕೊನೆಯ ಮೆರುಗಿನ ಪದರದಲ್ಲಿದೆ. ಸಾಮಾನ್ಯ ಲ್ಯಾಕರನ್ನು ಟ್ಯಾಂಕಿಗೆ ಹಚ್ಚಿದರೆ ಪೆಟ್ರೋಲ್ ತುಳುಕಿದಾಗ ಅದು ಕರಗಿ ಕಲೆಯಾಗುತ್ತದೆ. ಪೆಟ್ರೋಲಿಗೆ ಜಗ್ಗದಿರುವುದು ಹಾರ್ಡ್‌ನರ್ ಬೆರೆಸಿ ಹೊಡೆಯುವ ಪಿ.ಯು. ಮೆರುಗು. ಆದರೆ ಆ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಎಂಬ ವಸ್ತುವಿದೆ. ಅದರ ತುಂತುರನ್ನು ಉಸಿರಾಡಿದವರಿಗೆ ಆಸ್ತಮಾ ಅಂಟಿಕೊಳ್ಳಬಹುದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರುಕಟ್ಟಿಸುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರವಾಗಲಿ, ಧೂಳು ತಡೆಯುವ ಮಾಸ್ಕ್ ಆಗಲಿ ಇದನ್ನು ತಡೆಯಲಾರವು. ಇದಕ್ಕೆ ಪ್ರತ್ಯೇಕ ಬೂತ್, ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಪೂರೈಸುವ ಮುಖವಾಡ ಬೇಕು. ಹಾಗಾಗಿ ನಮ್ಮ ಸಲಹೆ ಸ್ಪಷ್ಟ: ಬಿಚ್ಚುವುದು, ತೊಳೆಯುವುದು, ಉಜ್ಜುವುದು, ಪ್ರೈಮರ್ ಹಚ್ಚುವುದು, ಸೈಡ್ ಬಾಕ್ಸಿನಂಥ ಸಣ್ಣ ಭಾಗಗಳಿಗೆ ಸ್ಪ್ರೇ ಡಬ್ಬಿಯಿಂದ ಬಣ್ಣ ಕೊಡುವುದು, ಇವು ಬಯಲಿನಲ್ಲಿ ಆವಿ ತಡೆಯುವ ಇದ್ದಿಲು ಡಬ್ಬಿಯ ಮಾಸ್ಕ್ ಧರಿಸಿ ಮನೆಯಲ್ಲಿ ಆಗಲಿ. ಟ್ಯಾಂಕಿನ ಬಣ್ಣವೂ ಮೆರುಗೂ ಬೂತ್ ಇರುವ ಪೇಂಟರ್ ಕೈಯಲ್ಲಿ ಆಗಲಿ. ಪೇಂಟರ್ ಕೇಳುವ ಹಣದ ದೊಡ್ಡ ಪಾಲು ಉಜ್ಜುವ ದುಡಿಮೆಯದೇ ಆದ್ದರಿಂದ, ಇಷ್ಟರಿಂದಲೇ ಖರ್ಚು ಗಣನೀಯವಾಗಿ ಇಳಿಯುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. ವಾಹನದ ಬಣ್ಣ ಆರ್.ಸಿ.ಯಲ್ಲಿ ದಾಖಲಾಗಿರುತ್ತದೆ. ಅದೇ ಬಣ್ಣವನ್ನು ಮತ್ತೆ ಹೊಡೆಸಿದರೆ ತೊಂದರೆಯಿಲ್ಲ. ಬೇರೆ ಬಣ್ಣ ಬೇಕೆನಿಸಿದರೆ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಬದಲಾವಣೆಯನ್ನು ದಾಖಲಿಸಿಕೊಳ್ಳಬೇಕು. ಸೈನ್ಯದ ವಾಹನದಂತೆ ಕಾಣಲೆಂದು ಆಲಿವ್ ಹಸಿರು ಹೊಡೆಸುವ ಖಯಾಲಿ ಕೆಲವರಿಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು.

ಬಣ್ಣ ಕೈಗೆ ಅಂಟದಂತೆ ಆರಿತೆಂದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಒಳಗಿನ ಪದರಗಳು ಗಟ್ಟಿಯಾಗಲು ಇನ್ನೂ ಹಲವು ದಿನ ಬೇಕು. ಅಲ್ಲಿಯವರೆಗೆ ಪಾಲಿಶ್ ಹಚ್ಚದೆ, ಪ್ಲಾಸ್ಟಿಕ್ ಹೊದಿಕೆ ಹೊದಿಸದೆ, ನೆರಳಿನಲ್ಲಿ ಬಿಡಬೇಕು. ಉಳಿದ ಥಿನ್ನರನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಅಡುಗೆ ಮನೆಯ ಮೂಲೆಯಲ್ಲಿಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಬಾಯಾರಿದ ಮಗುವಿಗೆ ಅದು ನೀರಿನಂತೆಯೇ ಕಾಣುತ್ತದೆ. ಮೂಲ ಡಬ್ಬಿಯಲ್ಲಿಯೇ, ಮಕ್ಕಳ ಕೈಗೆ ಎಟುಕದ ಕಡೆ, ಬೀಗದೊಳಗೆ ಇಡುವುದು ಮನೆಯ ಹಿರಿಯರ ಹೊಣೆ. ಬಣ್ಣದ ಕೆಲಸದಲ್ಲಿ ಒಂದು ಗೆರೆ ಇಳಿದರೆ ಮತ್ತೆ ಉಜ್ಜಬಹುದು. ಈ ಒಂದು ಎಚ್ಚರ ತಪ್ಪಿದರೆ ತಿದ್ದಲು ಯಾವ ಕಾಗದವೂ ಇಲ್ಲ.