ತೊಟ್ಟಿಲ ಎದುರಿನ ಕಣ್ಣು



ನಮ್ಮ ಸೊಸೆ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೊರಟಾಗ ಮಗ ತೊಟ್ಟಿಲ ಎದುರು ಗೋಡೆಗೆ ಪುಟ್ಟ ಕ್ಯಾಮೆರಾ ಹಾಕಿಸಿದ. ಆಫೀಸಿನಲ್ಲಿ ಕೂತೇ ಫೋನಿನಲ್ಲಿ ಕೂಸಿನ ಮುಖ ನೋಡಬಹುದು. "ಅತ್ತೆ, ಹಾಲು ಕುಡಿದು ಮಲಗಿದನಾ?" ಎಂದು ಗಂಟೆಗೊಮ್ಮೆ ಫೋನ್ ಮಾಡುವುದೂ ತಪ್ಪಿತು. ಒಳ್ಳೆಯದೇ ಆಯಿತು ಅಂದುಕೊಂಡೆ.

ಕ್ಯಾಮೆರಾ ಕೂರಿಸಿದ ಹುಡುಗನನ್ನು "ಇದರ ಪಾಸ್‌ವರ್ಡ್ ಏನಪ್ಪಾ?" ಎಂದು ಕೇಳಿದೆ. "ಅಡ್ಮಿನ್ ಅಂತಿದೆ ಆಂಟಿ, ಎಲ್ಲರ ಮನೇಲೂ ಅದೇ" ಅಂದ. ಎಲ್ಲರ ಮನೆಯಲ್ಲೂ ಅದೇ! ಒಂದೇ ಬೀಗದ ಕೈ ಊರಿಗೆಲ್ಲ ಹಂಚಿದ ಮೇಲೆ ಬೀಗ ಹಾಕಿ ಏನು ಪ್ರಯೋಜನ, ನೀವೇ ಹೇಳಿ.

ನಾವು ಅದನ್ನು ಬರೀ ಕ್ಯಾಮೆರಾ ಅಂದುಕೊಳ್ಳುತ್ತೇವೆ. ಅದರ ಹೊಟ್ಟೆಯೊಳಗೆ ಒಂದು ಕಂಪ್ಯೂಟರೇ ಇರುತ್ತದೆ. ಅದನ್ನು ನಡೆಸಲು ಆಪರೇಟಿಂಗ್ ಸಿಸ್ಟಮ್ ಬೇಕು. ಎಷ್ಟೋ ಕ್ಯಾಮೆರಾ, ವೈಫೈ ಪೆಟ್ಟಿಗೆಗಳಲ್ಲಿ ಇರುವುದು ಲಿನಕ್ಸ್. ಹಾಗಾಗಿ ಕಂಪ್ಯೂಟರಿಗೆ ಬರುವ ಕಾಟವೆಲ್ಲ ಇದಕ್ಕೂ ಬರುತ್ತದೆ.

2016ರಲ್ಲಿ ಮಿರಾಯ್ ಎಂಬ ಕೇಡಿನ ಪ್ರೋಗ್ರಾಮು ಇಂಥ ಯಂತ್ರಗಳ ಬಾಗಿಲು ತಟ್ಟುತ್ತಾ ಇಂಟರ್‌ನೆಟ್ಟಿನಲ್ಲಿ ಸುತ್ತಿತು. ಅದರ ಕೈಯಲ್ಲಿದ್ದುದು ತಯಾರಕರೇ ಇಟ್ಟಿದ್ದ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೆ! ಲಕ್ಷಗಟ್ಟಲೆ ಯಂತ್ರಗಳು ಬಾಗಿಲು ತೆರೆದು ಅದರ ಆಳುಗಳಾದವು. ಅಕ್ಟೋಬರ್ 21ರಂದು ಇವುಗಳ ದಂಡೇ ಅಮೆರಿಕದ ಡೈನ್ ಸಂಸ್ಥೆಯ ಮೇಲೆ ಬಿತ್ತು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥವು ಅನೇಕರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಿದ್ದರೆ, ಅದು ಬೇರೆಯವರ ಚಾಕರಿ ಮಾಡುತ್ತಿದೆ ಎಂದು ಮನೆಯವರಿಗೆ ಗೊತ್ತಾಗುವುದಾದರೂ ಹೇಗೆ? ಒಮ್ಮೆ ಆಫ್ ಮಾಡಿ ಹಾಕಿದರೆ ಮಿರಾಯ್ ಅಳಿಸಿಹೋಗುತ್ತಿತ್ತು, ನಿಜ. ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಮತ್ತೆ ಬಂದು ಸೇರುತ್ತಿತ್ತು.

ಹಾಗೆಂದು ಹೆದರಿ ಕ್ಯಾಮೆರಾ ಕಿತ್ತೊಗೆಯಬೇಕಿಲ್ಲ. ಇಷ್ಟು ಮಾಡಿ:

ತಂದ ದಿನವೇ ಪಾಸ್‌ವರ್ಡ್ ಬದಲಾಯಿಸಿ. ಮಗುವಿನ ಹೆಸರು, ಹುಟ್ಟಿದ ದಿನ ಬೇಡ. ವೈಫೈ ಪೆಟ್ಟಿಗೆಯನ್ನೂ ಮರೆಯಬೇಡಿ.

ತಯಾರಕರು ಅಪ್‌ಡೇಟ್ ಕಳಿಸಿದಾಗ 'ನಾಳೆ ನೋಡೋಣ' ಅನ್ನಬೇಡಿ. ಒಳಗಿನ ಬಿರುಕು ಮುಚ್ಚುವುದು ಅದೇ.

ಕೊಳ್ಳುವಾಗ ಅಂಗಡಿಯವರನ್ನು ಎರಡು ಮಾತು ಕೇಳಿ: ಪಾಸ್‌ವರ್ಡ್ ಬದಲಾಯಿಸಲು ಬರುತ್ತದೆಯೇ? ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ? ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಯಂತ್ರಕ್ಕೂ ಒಂದೇ ಸುಲಭ ಪಾಸ್‌ವರ್ಡ್ ಇಟ್ಟು ಮಾರುವಂತಿಲ್ಲ. ಅಪ್‌ಡೇಟ್ ಎಲ್ಲಿಯವರೆಗೆ ಎಂಬುದನ್ನೂ ತಯಾರಕರು ತಿಳಿಸಲೇಬೇಕು. ಕೇಳುವುದಕ್ಕೆ ನಮಗೇಕೆ ಸಂಕೋಚ?

ಮನೆಯವರೆಲ್ಲ ಮನೆಯಲ್ಲೇ ಇರುವಾಗ ಕ್ಯಾಮೆರಾದ ಪ್ಲಗ್ ತೆಗೆದುಬಿಡಿ. ಬಾಣಂತಿ ಹಾಲೂಡಿಸುವ ಕೋಣೆಯಲ್ಲಂತೂ ಈ ಮಾತು ತಪ್ಪಬಾರದು.

ನಮ್ಮ ಸೊಸೆ ಅಂದು ಸಂಜೆಯೇ ಹೊಸ ಪಾಸ್‌ವರ್ಡ್ ಹಾಕಿದಳು. ಈಗ ಅವಳು ಮನೆಗೆ ಬಂದೊಡನೆ ಪ್ಲಗ್ ತೆಗೆಯುವುದು ನನ್ನ ಕೆಲಸ. ನೀವೂ ಇಂದೇ ನೋಡಿ, ಏನಾಯಿತೆಂದು ನಮಗೆ ಬರೆಯಿರಿ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ!